ಬಾಗಿಲದವನಿಗೆ ಹೇಳಿ ಹೋಗುವುದು

ನಾನು ಔರಾದಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುವವನು. ಮನೆ ಬೀದರಿನ ಚಿದ್ರಿಯಲ್ಲಿ. ದಿನಾ ಹೋಗಿಬರುವ ಬಸ್ಸಿನ ಮೂರನೆಯ ಸೀಟು ನನ್ನ ಬೆನ್ನಿನ ಆಕಾರಕ್ಕೆ ಬಂದಿದೆಯೋ, ನನ್ನ ಬೆನ್ನೇ ಸೀಟಿನ ಆಕಾರಕ್ಕೆ ಬಂದಿದೆಯೋ ಈಗ ಹೇಳುವುದು ಕಷ್ಟ. ನಮ್ಮ ಸಂಸ್ಥೆಗೆ ಬೀದರ, ಭಾಲ್ಕಿ, ಔರಾದ ಮೂರೂ ಕಡೆ ಶಾಲೆಗಳಿವೆ. ಹಾಗಾಗಿ ಯಾವ ಮಾಸ್ತರನನ್ನು ಕೇಳಿದರೂ ತಾನಿರುವ ಊರು ಬಿಟ್ಟು ಉಳಿದೆರಡರಲ್ಲಿ ಒಂದು ಬೇಕು ಅನ್ನುತ್ತಾನೆ. ನನಗೆ ಬೀದರ ಬೇಕಾಗಿತ್ತು.

ಮೊದಲು ನಮಗೆ ನಾಲ್ಕು ಪಾಸ್‌ವರ್ಡ್ ಇದ್ದವು. ಹಾಜರಿಗೊಂದು, ಅಂಕಗಳಿಗೊಂದು, ರಜೆಗೊಂದು, ವರ್ಗಾವಣೆಗೊಂದು. ಎಲ್ಲರ ನಾಲ್ಕೂ ಪಾಸ್‌ವರ್ಡು ಸ್ಟಾಫ್‌ರೂಮಿನ ಅಲಮಾರಿಯ ಬಾಗಿಲಿನ ಒಳಮೈಯಲ್ಲಿ ಸೀಮೆಸುಣ್ಣದಿಂದ ಬರೆದಿಟ್ಟಿದ್ದೆವು. ಹಿಂದಿ ಮಾಸ್ತರರು ಅದಕ್ಕೆ ಒರಗಿ ನಿಂತ ದಿನ ಅರ್ಧ ಸಿಬ್ಬಂದಿಯ ಗುಟ್ಟು ಅವರ ನೀಲಿ ಅಂಗಿಯ ಬೆನ್ನಮೇಲೆ ಸವಾರಿ ಮಾಡಿ ಔರಾದಿನ ಸಂತೆ ಸುತ್ತಿ ಬಂದಿತ್ತು.

ಇದಕ್ಕೆ ಬೇಸತ್ತ ಬೀದರಿನ ಹೆಡ್ಡಾಫೀಸಿನವರು ಒಂದೇ ಲಾಗಿನ್ ಮಾಡಿದರು. ಒಮ್ಮೆ ಪಾಸ್‌ವರ್ಡ್ ಹಾಕಿದರೆ ನಾಲ್ಕೂ ತೆರೆದುಕೊಳ್ಳಬೇಕು. ಇದನ್ನು ಮೂರೂ ಶಾಲೆಗಳಲ್ಲಿ ವಿವರಿಸುವ ಕೆಲಸ ನನಗೆ ಬಂತು. ಕೆಲಸಕ್ಕಿಂತ ಮೊದಲು ಸೊಕ್ಕು ಬಂತು ಅನ್ನಬೇಕು. ಹೊಸ ಪ್ಯಾಂಟು ಹೊಲಿಸಿದೆ.

ಔರಾದಿನಲ್ಲಿ ತರಬೇತಿ ಕೊಡುವಾಗ ನಾನು ಮದುವೆಯ ಊಟದ ಉದಾಹರಣೆ ಹೇಳಿದೆ.

"ಊಟಕ್ಕ ಹೋಗ್ತೀರಿ. ಬಾಗಿಲದಾಗ ಬೀಗರ ಕಡಿ ಕಾಕಾ ಒಬ್ಬ ನಿಂತಿರ್ತಾನ. ಯಾರ್ರಿ ನೀವು ಅಂತ ಅವ ಒಮ್ಮೆ ಕೇಳ್ತಾನ. ಅವಗ ಗುರ್ತು ಹತ್ತಿತಂದ್ರ ಆತು. ಒಳಗ ಬಡಸೋವನು, ನೀರು ಕೊಡೋವನು, ಪಾನ್ ಕೊಡೋವನು ನಿಮ್ಮನ್ನ ಕೇಳಂಗಿಲ್ಲ. ಕಾಕಾನ ಕಡಿ ನೋಡ್ತಾರ. ಅವ ಅಲ್ಲಿಂದ್ಲೇ 'ನಮ್ಮವರೇ ಅದಾರ' ಅಂತಾನ. ಮುಗೀತು. ನಿಮ್ಮ ಪಾಸ್‌ವರ್ಡ್ ಕಾಕಾಗ ಅಷ್ಟೇ ಗೊತ್ತು. ಉಳಿದವ್ರಿಗೆ ಕಾಕಾನ ಮಾತು ಸಾಕು."

ಎಲ್ಲರೂ ತಲೆಯಾಡಿಸಿದರು. ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಕ್ಕಿಲ್ಲ ಎಂದು ನನಗೇ ಅನ್ನಿಸಿತು. ಆಗ ಗಣಿತದ ಮೇಡಂ ಕೈ ಎತ್ತಿದರು.

ಅವರು ಖಟಕ ಚಿಂಚೋಳಿಯವರು. ಅಲ್ಲಿಂದ ಭಾಲ್ಕಿಗೆ ಒಂದು ಬಸ್ಸು, ಭಾಲ್ಕಿಯಿಂದ ಔರಾದಿಗೆ ಇನ್ನೊಂದು. ಅವರ ಒಬ್ಬಳೇ ಮಗಳು ಭಾಲ್ಕಿಯಲ್ಲಿ ಹತ್ತನೆಯ ತರಗತಿಗೆ ಬರುವವಳಿದ್ದಳು. ಅದು ಮುಗಿದರೆ ಹಾಸ್ಟೆಲಿಗೆ ಹೋಗುವ ಹುಡುಗಿ. "ಮುಂಜಾನಿ ಆಕಿ ಏಳೋದ್ರಾಗ ನಾ ಬಸ್ಸಿನಾಗ ಇರ್ತೇನಿ. ಒಂದು ವರ್ಷ ಆಕಿ ಕೂಡ ಒಂದೇ ಬಸ್ಸಿನಾಗ ಭಾಲ್ಕಿಗಿ ಹೋದ್ರ ಸಾಕು ನೋಡ್ರಿ," ಎಂದು ಅವರು ಹೇಳುತ್ತಲೇ ಇದ್ದರು. ಭಾಲ್ಕಿ ಶಾಲೆಯಲ್ಲಿ ಗಣಿತದ ಜಾಗ ಆ ವರ್ಷವೇ ಖಾಲಿಯಾಗಿತ್ತು.

"ಸರ್, ಊಟ ಮಾಡಿ ಕೈ ತೊಳಕೊಂಡು ಹೊಂಟಾಗ ಬಾಗಿಲದವಗ ಹೇಳಿ ಹೋಗಬೇಕೇನ್ರಿ?" ಎಂದು ಕೇಳಿದರು.

ನಾನು ನಕ್ಕೆ. "ಉಂಡು ಹೋಗೋವ್ರನ್ನ ಯಾರು ಕೇಳ್ತಾರ್ರಿ ಮೇಡಂ? ಕೆಲಸ ಮುಗೀತಂದ್ರ 'ಹೊರಗೆ' ಅಂತ ಒತ್ರಿ, ನಡೀರಿ." ಎಲ್ಲರೂ ನಕ್ಕರು. ಅವರು ಕೈ ಇಳಿಸಿದರು. ಆ ತರಬೇತಿಯಲ್ಲಿ ಯಾರಾದರೂ ಕೇಳಿದ ಒಂದೇ ಒಂದು ಸರಿಯಾದ ಪ್ರಶ್ನೆ ಅದು ಎಂಬುದು ಆಮೇಲೆ ತಿಳಿಯಿತು. ಅದಕ್ಕೆ ಉತ್ತರ ಕೈಪಿಡಿಯ ಕೊನೆಯ ಪುಟದಲ್ಲಿತ್ತು. ನಾನು ಆ ಪುಟದವರೆಗೆ ಓದಿರಲಿಲ್ಲ.

ವರ್ಗಾವಣೆಯ ಅರ್ಜಿ ಹಾಕಲು ಕಡೆಯ ದಿನ. ಇಡೀ ಸ್ಟಾಫ್‌ರೂಮಿಗೆ ಒಂದೇ ಕಂಪ್ಯೂಟರ್. ಗಣಿತದ ಮೇಡಂ ಕೂತು ಅಂಕಗಳನ್ನು ತುಂಬಿ, ನಾನು ಕಲಿಸಿದಂತೆಯೇ 'ಹೊರಗೆ' ಒತ್ತಿ, ಪಾಠಕ್ಕೆ ಎದ್ದು ಹೋದರು. ಆ ಕುರ್ಚಿಯಲ್ಲಿ ನಾನು ಕೂತೆ. ವರ್ಗಾವಣೆ ಒತ್ತಿದೆ. ಪಾಸ್‌ವರ್ಡ್ ಕೇಳಲೇ ಇಲ್ಲ, ಸೀದಾ ತೆರೆದುಕೊಂಡಿತು. ನನ್ನ ಎದೆ ಉಬ್ಬಿತು. ಮೂರು ಊರಿಗೆ ಪಾಠ ಹೇಳಿದವನ ಗುರುತು ಯಂತ್ರಕ್ಕೂ ಸಿಕ್ಕಿದೆ ಎಂದುಕೊಂಡೆ.

ನಡೆದದ್ದು ಇಷ್ಟೇ. 'ಹೊರಗೆ' ಒತ್ತಿದರೆ ಮುಚ್ಚುವುದು ಅಂಕಗಳ ಪುಟ ಮಾತ್ರ, ಲಾಗಿನ್ ಅಲ್ಲ. ಮೇಡಂ ಅಂಕಗಳ ಪಂಕ್ತಿಯಿಂದ ಎದ್ದಿದ್ದರು, ಬಾಗಿಲು ದಾಟಿರಲಿಲ್ಲ. ವರ್ಗಾವಣೆಯವನು "ಯಾರು ಬಂದಾರ?" ಎಂದು ಕೇಳಿದಾಗ ಕಾಕಾ, "ಗಣಿತದ ಮೇಡಂ ಒಳಗೇ ಅದಾರಲ್ಲ, ಅವರೇ ಇರಬೇಕು, ನಮ್ಮವರೇ" ಅಂದುಬಿಟ್ಟಿದ್ದ. ಪರದೆಯ ಮೇಲೆ ಹೆಸರಿರಲಿಲ್ಲ, ಏಳಂಕಿಯ ಸಿಬ್ಬಂದಿ ಸಂಖ್ಯೆ ಇತ್ತು. ನನ್ನ ಸಂಖ್ಯೆ ನನಗೆ ಬಾಯಿಪಾಠ ಇಲ್ಲ. ಅದರ ಹಿಂದೆ 'ಶ್ರೀಮತಿ' ಎಂದಿತ್ತು. ಅವಸರದಲ್ಲಿ ಮಾಡಿದ ಸಾಫ್ಟ್‌ವೇರ್, ಇಂಥ ತಪ್ಪು ಇರುವುದೇ ಎಂದು ಉದಾರವಾಗಿ ಕ್ಷಮಿಸಿದೆ. ಊರು ಬೀದರ ಎಂದು ಆರಿಸಿದೆ. ಕಾರಣದ ಜಾಗದಲ್ಲಿ ಮನಸ್ಸು ಬಿಚ್ಚಿ ಬರೆದೆ. ಮತ್ತೆ ಯಾರೂ ತಿದ್ದದಂತೆ 'ಬೀಗ' ಒತ್ತಿದೆ.

ಮಧ್ಯಾಹ್ನ ಮೇಡಂ ತಮ್ಮ ಅರ್ಜಿ ಹಾಕಲು ಕೂತರು. "ಸರ್, 'ನಿಮ್ಮ ಅರ್ಜಿ ಬಂದದ, ಬೀಗ ಬಿದ್ದದ' ಅಂತ ನನಗ ತೋರಸ್ಲತ್ತದಲ್ಲರಿ? ನಾ ಇನ್ನೂ ಹಾಕೇ ಇಲ್ಲ," ಅಂದರು. ನಾನು ಚಹಾದ ಲೋಟದಿಂದ ತಲೆ ಎತ್ತಲಿಲ್ಲ. "ಹೋದ ತಿಂಗಳು ಕಾಗದದ ಮ್ಯಾಲ ಭಾಲ್ಕಿ ಅಂತ ಬರದು ಕೊಟ್ಟಿದ್ರಲ್ಲ, ಅದನ್ನೇ ಹೆಡ್ಡಾಫೀಸಿನವ್ರು ಏರಿಸ್ಯಾರ. ಈಗ ಎಲ್ಲಾ ಒಂದೇ ಆಗ್ಯಾದ್ರಿ ಮೇಡಂ, ತಾನೇ ತಗೋತದ." ಗೊತ್ತಿಲ್ಲ ಎಂಬ ಮಾತು ಆ ದಿನಗಳಲ್ಲಿ ನನ್ನ ಬಾಯಿಗೆ ಬರುತ್ತಲೇ ಇರಲಿಲ್ಲ. ಅವರು ನಂಬಿದರು.

ವರ್ಗಾವಣೆಯ ಪಟ್ಟಿ ಬಂದ ದಿನ ಮೇಡಂಗೆ ಬೀದರ ಸಿಕ್ಕಿತ್ತು. ನನ್ನ ಹೆಸರಿನ ಮುಂದೆ 'ಅರ್ಜಿ ಇಲ್ಲ'. ನಾನು ಸ್ಟಾಫ್‌ರೂಮಿನಲ್ಲಿ ನಿಂತು ಹೆಡ್ಡಾಫೀಸನ್ನೂ ಸಾಫ್ಟ್‌ವೇರ್ ಮಾಡಿದವರನ್ನೂ ಅವರ ಗುರುಗಳನ್ನೂ ಬೈದೆ. ಮೇಡಂ ಬೈಯಲಿಲ್ಲ. ಸುಮ್ಮನೆ ಕೂತು ತಮ್ಮ ಅರ್ಜಿ ತೆರೆದರು. ಸ್ವಲ್ಪ ಹೊತ್ತಿಗೆ, "ಸರ್, ಇಲ್ಲಿ ನಾ ಏನೋ ಬರದೇನಂತ," ಎಂದು ಜೋರಾಗಿ ಓದಿದರು.

"'ನನ್ನ ಹೆಂಡತಿಗೆ ವಿಪರೀತ ಸೊಂಟನೋವಿದ್ದು, ಚಿದ್ರಿಯ ಮನೆಯಲ್ಲಿ ದಿನವೂ ನೀರು ತುಂಬಿಕೊಡಲು ನನ್ನ ಉಪಸ್ಥಿತಿ ಅತ್ಯವಶ್ಯವಾಗಿದೆ.'"

ಹಿಂದಿ ಮಾಸ್ತರರು ಕುರ್ಚಿಯಿಂದ ಜಾರುವಷ್ಟು ನಕ್ಕರು. ನನ್ನ ಕಿವಿ ಬಿಸಿಯಾಯಿತು. ಮೇಡಂ ಮಾತ್ರ ನಗಲಿಲ್ಲ. "ಅಂದ್ರ ನಂದು ಭಾಲ್ಕಿ ಹೋತೇನ್ರಿ?" ಎಂದು ಕೇಳಿದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನ್ನ ಬೀದರ ಹೋದದ್ದು ಆ ಗಳಿಗೆಯಲ್ಲಿ ನೆನಪೇ ಆಗಲಿಲ್ಲ.

ಮರುದಿನ ಇಬ್ಬರೂ ಬೀದರಿನ ಹೆಡ್ಡಾಫೀಸಿಗೆ ಹೋದೆವು. ನಾನು ತಪ್ಪೊಪ್ಪಿಗೆಯನ್ನು ಎರಡು ಪುಟ ಬರೆದಿದ್ದೆ, ಒಂದೂವರೆ ಪುಟ ಕಾಕಾನ ವಿಷಯವೇ ಇತ್ತು. ಅಲ್ಲಿಯ ಸೆಕ್ರೆಟರಿ ವಯಸ್ಸಾದ ಸಾಹೇಬರು. ಕನ್ನಡಕ ಏರಿಸಿ ಅರ್ಜಿ ಓದಿದರು, ಇಳಿಸಿ ನನ್ನನ್ನು ನೋಡಿದರು.

"ಕ್ಯಾ ಮಾಸ್ಟರ್ ಸಾಬ್, ಊರಿಗೆಲ್ಲ ಕಲಿಸಿದವ್ರು ನೀವೇ. ಇನ್ನೊಬ್ಬರ ಅರ್ಜಿ ಒಳಗ ಹೊಕ್ಕವ್ರೂ ನೀವೇ. ಬೇಕಂತ ಮಾಡಿಲ್ಲ ಅಂತ ನಾ ಹ್ಯಾಂಗ ನಂಬಲಿ?"

ನಾನು ಬಾಯಿ ತೆರೆದೆ. ಮೇಡಂ ಮೊದಲು ಮಾತಾಡಿದರು. "ಮೋಸ ಮಾಡೋವಷ್ಟು ಶಾಣ್ಯಾ ಅಲ್ಲರಿ ಸಾಹೇಬ್ರ ಇವರು. ಬೇಕಾದ್ರ ಬರದು ಕೊಡ್ತೇನಿ."

ಖರೇನೇ ಬರೆದುಕೊಟ್ಟರು. ನನ್ನ ಬುದ್ಧಿಮಟ್ಟದ ಬಗ್ಗೆ ಇರುವ ಏಕೈಕ ಲಿಖಿತ ದಾಖಲೆ ಅದು, ಈಗಲೂ ಹೆಡ್ಡಾಫೀಸಿನ ಫೈಲಿನಲ್ಲಿದೆ. ಸಾಹೇಬರು ನಕ್ಕು ಸಹಿ ಹಾಕಿದರು. ಭಾಲ್ಕಿಯ ಗಣಿತದ ಜಾಗಕ್ಕೆ ಬೇರೆ ಯಾರೂ ಕೇಳಿರಲಿಲ್ಲವಾದ್ದರಿಂದ ಅದು ಮೇಡಂಗೆ ಸಿಕ್ಕಿತು. ಅರ್ಜಿಯೇ ಇಲ್ಲದ ನನಗೆ ಔರಾದವೇ ಗಟ್ಟಿಯಾಯಿತು. ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದೆ. ವರ್ಗಾವಣೆ ತಪ್ಪಿದ್ದಕ್ಕೆ ಅವಳು ಏನೂ ಅನ್ನಲಿಲ್ಲ. "ನನ್ನ ಸೊಂಟಕ್ಕ ಏನಾಗ್ಯಾದ? ನೀರು ತುಂಬೋವಾಕಿ ನಾನೇ ಅಲ್ಲೇನು?" ಎಂದು ಎರಡು ದಿನ ಮಾತು ಬಿಟ್ಟಳು.

ಶಾಲೆ ಶುರುವಾದ ಮೇಲೆ ಒಂದು ದಿನ ಮೇಡಂ ಭಾಲ್ಕಿಯಿಂದ ಫೋನ್ ಮಾಡಿದರು. ಬಾಗಿಲಿನಿಂದಲೇ ಪೂರ್ತಿ ಹೊರಗೆ ಹೋಗುವುದು ಹೇಗೆ ಎಂದು ಅಲ್ಲಿಯವರಿಗೆ ತೋರಿಸಬೇಕಂತೆ. ಕೊನೆಯ ಪುಟ ನನಗೀಗ ಬಾಯಿಪಾಠ, ಹೇಳಿದೆ. ಆಮೇಲೆ ತಡೆಯಲಾಗದೆ ಕೇಳಿದೆ. "ಮಗಳ ಕೂಡ ಒಂದೇ ಬಸ್ಸಿನಾಗ ಹೊಂಟೀರಲ್ರಿ?"

"ಒಂದೇ ಬಸ್ಸು ಖರೆ. ಆಕಿ ಹಿಂದ ಗೆಳತ್ಯಾರ ಕೂಡ, ನಾ ಮುಂದ. ಅವ್ವ ಟೀಚರ್ ಅಂದ್ರ ನಾಚಿಕಿ ಅಂತ. ನನ್ನ ಗುರ್ತೇ ಇಲ್ದಾಂಗ ಕೂಡ್ತಾಳ."

ನನಗೆ ಕೆಡುಕೆನಿಸಿತು. ಇದಕ್ಕಾಗಿಯೇ ಇಷ್ಟೆಲ್ಲ ಪಾಡು ಪಟ್ಟದ್ದು? ಅವರೇ ಮುಂದುವರಿಸಿದರು.

"ನಿನ್ನಿ ಆಧಾರ್ ಕಾರ್ಡ್ ಮನ್ಯಾಗ ಮರತು ಬಂದಿದ್ದೆ. ಕಂಡಕ್ಟರ್ ಹೊಸಾಂವ. ಹೆಣ್ಣುಮಕ್ಕಳ ಪುಕ್ಕಟೆ ಟಿಕೀಟ್ ಕೊಡಬೇಕಂದ್ರ ಕಾರ್ಡ್ ತೋರಸ್ರಿ, ನಿಮ್ಮನ್ನ ನಾ ಹ್ಯಾಂಗ ನಂಬಲಿ ಅಂತ ಎಲ್ಲಾರ ಮುಂದ ಜೋರು ಮಾಡ್ದ. ಆಗ ಈಕಿ ಹಿಂದಿನ ಸೀಟಿನಿಂದ ಎದ್ದು ಬಂದಳ್ರಿ. ತನ್ನ ಕಾರ್ಡ್ ಅವನ ಕೈಯಾಗ ಇಟ್ಟು, 'ಆಕಿ ನಮ್ಮವ್ವ ಅದಾಳ, ಟಿಕೀಟ್ ಕೊಡ್ರಿ' ಅಂದಳು. ಅವ ಮತ್ತೊಂದು ಮಾತು ಕೇಳಲಿಲ್ಲ, ಹರದು ಕೊಟ್ಟ."

"ಆಮ್ಯಾಲ?" ಅಂದೆ ನಾನು.

"ಅಲ್ಲಿಂದ ಭಾಲ್ಕಿ ತನಕ ಮತ್ತ ಗುರ್ತಿಲ್ದಾಂಗೇ ಕುಂತಳ್ರಿ ಸರ್," ಅಂದರು ಮೇಡಂ. ಅವರ ದನಿ ಅಷ್ಟು ಖುಷಿಯಾಗಿದ್ದುದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.