ನೇರಳೆ ಬಣ್ಣ ಹೋದದ್ದು ಯಾರಿಂದ

ಅನುಮಾನ ನನ್ನ ಹುಟ್ಟುಗುಣ. ಹಾಲಿನವನು ಒಂದು ದಿನ ನಗುತ್ತಾ ಬಂದರೆ, ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಎಂದುಕೊಳ್ಳುವವಳು ನಾನು. ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ, ಕೆಜಿಎಫ್‌ನ ಒಂದು ಕಾಲೇಜಿಗೆ ಕೆಮಿಸ್ಟ್ರಿ ಪಾಠ ಮಾಡಲು ಹೋಗುತ್ತೇನೆ. ಪಾಠದ ಜೊತೆಗೇ ಪಿಎಚ್‌ಡಿ ಕೆಲಸವೂ ನಡೆದಿತ್ತು. ಆ ಕೆಲಸದ ನಡುವೆ ನನ್ನ ಈ ಗುಣ ಒಬ್ಬರ ಅನ್ನಕ್ಕೆ ಕಲ್ಲು ಹಾಕಿತು.

ಎಲೆಕ್ಟ್ರಾನುಗಳಿಗೆ ಜೋಡಿಯಾಗಿರುವುದೇ ಇಷ್ಟ. ಜೋಡಿ ಇಲ್ಲದ ಒಂಟಿ ಎಲೆಕ್ಟ್ರಾನ್ ಇರುವ ಅಣುವನ್ನು ರ್ಯಾಡಿಕಲ್ ಎನ್ನುತ್ತೇವೆ. ಸಾಮಾನ್ಯವಾಗಿ ಅದಕ್ಕೆ ಕ್ಷಣದ ತಾಳ್ಮೆಯೂ ಇರುವುದಿಲ್ಲ, ಪಕ್ಕದಲ್ಲಿ ಸಿಕ್ಕಿದ್ದರ ಮೇಲೆ ಬಿದ್ದು ಮುಗಿದುಹೋಗುತ್ತದೆ. ಕೆಲವು ಸಾವಯವ ರ್ಯಾಡಿಕಲ್‌ಗಳು ಮಾತ್ರ ಆ ಒಂಟಿ ಎಲೆಕ್ಟ್ರಾನನ್ನು ಅಣುವಿನ ತುಂಬಾ ಹಂಚಿಕೊಂಡು ಬಾಟಲಿಯಲ್ಲಿ ತಿಂಗಳುಗಟ್ಟಲೆ ತಣ್ಣಗೆ ಕೂತಿರುತ್ತವೆ. ನನ್ನದು ಡಿಪಿಪಿಎಚ್ ಎಂಬ ಅಂಥ ಒಂದು ಪುಡಿ. ಸ್ಪಿರಿಟ್‌ನಲ್ಲಿ ಕರಗಿಸಿದರೆ ಗಾಢ ನೇರಳೆ. ಯಾವುದಾದರೂ ಅದಕ್ಕೆ ಹೈಡ್ರೋಜನ್ ಕೊಟ್ಟರೆ ಹಳದಿ. ನುಗ್ಗೆಸೊಪ್ಪಿನ ರಸ ಆ ಬಣ್ಣವನ್ನು ಎಷ್ಟು ಕಳೆಯುತ್ತದೆ ಎಂದು ಅಳೆಯುವುದು ನನ್ನ ಪ್ರಯೋಗ. ಹೋಲಿಸಿ ನೋಡಲು ಸೊಪ್ಪು ಹಾಕದ ಒಂದು ಫ್ಲಾಸ್ಕ್ ಪಕ್ಕದಲ್ಲಿರುತ್ತದೆ. ಅದು ನೇರಳೆಯಾಗಿಯೇ ಇರಬೇಕು.

ಇರಲಿಲ್ಲ. ಅರ್ಧ ಗಂಟೆಯಲ್ಲಿ ಹಾಳಾದ್ದು ಪೇಲವವಾಗಿ ಹಳದಿಗೆ ತಿರುಗುತ್ತಿತ್ತು. ಮೊದಲು ಪುಡಿ ಮಾರಿದವನ ಮೇಲೆ ಅನುಮಾನಪಟ್ಟೆ, ಹೊಸ ಬಾಟಲಿ ತರಿಸಿದೆ. ಆಮೇಲೆ ಕಿಟಕಿಯ ಬಿಸಿಲಿನ ಮೇಲೆ ಅನುಮಾನ, ಕಪ್ಪು ಕಾಗದ ಸುತ್ತಿದೆ. ಊಹೂಂ! ಉಳಿದದ್ದು ಲ್ಯಾಬಿನ ಗಾಜಿನ ಸಾಮಾನು ತೊಳೆಯುತ್ತಿದ್ದ ಅಕ್ಕ. ನನಗಿಂತ ಹಿರಿಯರು, ಗಣಿಯವರ ಕಾಲನಿ ಕೋರಮಂಡಲ್‌ನ ಲೈನ್ ಮನೆಯವರು, ಅಂದರೆ ಸಾಲುಮನೆಯವರು, ಗಣಿ ಕಾರ್ಮಿಕನ ಹೆಂಡತಿ. ಸ್ಪಿರಿಟನ್ನು ಗಂಡನಿಗೆ ಕುಡಿಯಲು ಒಯ್ದು, ಆ ಜಾಗಕ್ಕೆ ಏನನ್ನೋ ಬೆರೆಸುತ್ತಿದ್ದಾರೆ ಎಂದು ನನಗೆ ನಾನೇ ತೀರ್ಮಾನಿಸಿದೆ.

"ಅಕ್ಕಾ, ನನ್ನ ಫ್ಲಾಸ್ಕಿಗೆ ಏನ್ ಮಾಡ್ತೀರಿ ನೀವು?" ಎಂದು ಒಂದು ದಿನ ನೇರವಾಗಿ ಕೇಳಿದೆ.

"ಅಯ್ಯೋ ಕಡವುಳೇ, ದೇವ್ರೇ, ನಾನೇನ್ ಮಾಡ್ದೆ ಮೇಡಂ? ತೊಳ್ದು ಇಡ್ತೀನಿ, ಅಷ್ಟೇ" ಎಂದರು. ಎನ್ನುತ್ತಲೇ ಎರಡೂ ಕೈ ಸೆರಗಿನೊಳಗೆ ಸೇರಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತಲ್ಲ ಎಂದು ನನಗೆ ಒಳಗೊಳಗೇ ಖುಷಿ. ಅಂದೇ ಪ್ರಿನ್ಸಿಪಾಲರಿಗೆ ಹೇಳಿದೆ. ಅಕ್ಕನದು ಕಾಯಂ ಕೆಲಸವಲ್ಲ; ನಾಳೆಯಿಂದ ಬರಬೇಡಿ ಎನ್ನುವುದಕ್ಕೆ ಅವರಿಗೆ ಎರಡು ನಿಮಿಷವೂ ಹಿಡಿಯಲಿಲ್ಲ.

ಮರುದಿನ ಫ್ಲಾಸ್ಕನ್ನು ನಾನೇ ತೊಳೆದು ದ್ರಾವಣ ತುಂಬಿದೆ. ನೇರಳೆ ಅಲ್ಲಾಡಲಿಲ್ಲ! ನೋಡಿ, ನಾನು ಹೇಳಲಿಲ್ಲವೇ ಎಂದು ಸ್ಟಾಫ್ ರೂಮಿನಲ್ಲಿ ಬೀಗಿದೆ.

ಮೂರನೆಯ ದಿನ ಸೋಪಿನ ಪುಡಿ ಹುಡುಕುತ್ತಾ ಸಿಂಕಿನ ಕೆಳಗೆ ಬಗ್ಗಿದರೆ, ಮುಚ್ಚಿಟ್ಟ ಪ್ಲಾಸ್ಟಿಕ್ ಬೋಗುಣಿ. ಅದರಲ್ಲಿ ಹಿಂಡಿದ ನಿಂಬೆಹಣ್ಣಿನ ಹೋಳುಗಳು, ಹುಳಿ ವಾಸನೆಯ ನೀರು. ಆ ನೀರನ್ನು ಒಂದು ಫ್ಲಾಸ್ಕಿನಲ್ಲಿ ಆಡಿಸಿ ಚೆಲ್ಲಿ, ಒಣಗಿಸಿ, ದ್ರಾವಣ ತುಂಬಿದೆ. ನೇರಳೆ ಕಣ್ಣೆದುರೇ ಪೇಲವವಾಯಿತು. ಗಾಜಿಗೆ ಅಂಟಿ ಉಳಿದ ನಿಂಬೆಯ ಅಂಶವೇ ಸಾಕಿತ್ತು.

ಸಂಜೆ ಊರಿನ ರೈಲು ಹತ್ತದೆ ಕೋರಮಂಡಲ್‌ಗೆ ಹೋದೆ. ಅಕ್ಕ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಬೆರಳ ತುದಿಗಳೆಲ್ಲ ಸುಲಿದು ಕೆಂಪಾಗಿದ್ದವು. ನಿಂಬೆಹಣ್ಣು ಯಾಕೆ ಎಂದು ಕೇಳಿದೆ.

"ಬೋರ್ ನೀರಲ್ಲಿ ತೊಳೆದ್ರೆ ಬಿಳಿ ಕಲೆ ನಿಲ್ಲುತ್ತೆ ಮೇಡಂ. ಗಾಜು ಫಳಫಳ ಅನ್ಬೇಕು ಅಂತ ದಿನಾ ಬೈತಿದ್ರಲ್ಲ? ಡಿಸ್ಟಿಲ್ಡ್ ವಾಟರ್ ಮುಟ್ಬೇಡ ಅಂದ್ರಿ. ಕ್ಯಾಂಟೀನಲ್ಲಿ ಬಿಸಾಕೋ ನಿಂಬೆಹಣ್ಣು ತಂದು ಉಜ್ಜಿ, ಕೊನೇಗೂ ಅದೇ ನಿಂಬೆ ನೀರಲ್ಲಿ ಅಲ್ಲಾಡ್ಸಿ ಇಡ್ತಿದ್ದೆ. ನಮ್ ಮನೆ ಲೋಟ ತೊಳೆಯೋದೂ ಹಂಗೇ." ಅಕ್ಕಿಯೊಳಗಿನ ಒಂದು ಕಲ್ಲು ಎತ್ತಿ ಎಸೆದು ಕೇಳಿದರು, "ನಾನು ಕದ್ದೆ ಅಂದ್ರಂತೆ. ಏನ್ ಕದ್ದೆ ಮೇಡಂ?"

ಸ್ಪಿರಿಟ್ ಎಂದೆ. ನಿಮ್ಮ ಗಂಡನಿಗೆ ಅಂದುಕೊಂಡೆ ಎಂದೆ. ಹೇಳುವಾಗ ನನಗೆ ನನ್ನ ಮೇಲೇ ಅಸಹ್ಯವಾಯಿತು.

"ಅವರು ಹೋಗಿ ಆರು ವರ್ಷ ಆಯ್ತಮ್ಮ" ಎಂದು ಮತ್ತೆ ಮೊರಕ್ಕೆ ಬಗ್ಗಿದರು. ಅಷ್ಟು ದಿನ ಒಂದೇ ಲ್ಯಾಬಿನಲ್ಲಿದ್ದು ಅದನ್ನೂ ಕೇಳಿರಲಿಲ್ಲ ನಾನು.

ಬೆಳಿಗ್ಗೆ ಪ್ರಿನ್ಸಿಪಾಲರ ಮುಂದೆ ನಿಂತು, ತಪ್ಪು ನನ್ನದು, ಅವರನ್ನು ಕರೆಸಲೇಬೇಕು ಎಂದೆ. ಪುಣ್ಯಕ್ಕೆ ಆ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ಸೋಮವಾರ ಅಕ್ಕ ಬಂದರು. ಎಂದಿನಂತೆ ಗುಡಿಸಿದರು, ತೊಳೆದರು. ನಾನು ಕೊಟ್ಟ ಡಿಸ್ಟಿಲ್ಡ್ ವಾಟರ್‌ನಲ್ಲೇ ಕೊನೆಯ ಸಲ ಆಡಿಸಿದರು.

ಸಂಜೆ ಹೊರಡುವಾಗ ನನ್ನ ಮೇಜಿನ ಹತ್ತಿರ ಬಂದು, ತಮ್ಮ ಚೀಲದಿಂದ ಟಿಫನ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿಟ್ಟರು. ನೀರಿನ ಬಾಟಲಿ ಇಟ್ಟರು. ಚೀಲವನ್ನು ತಲೆಕೆಳಗು ಮಾಡಿ ಕೊಡವಿದರು.

"ಅಕ್ಕಾ, ಬೇಡ. ದಮ್ಮಯ್ಯ ಅಂತೀನಿ" ಎಂದೆ.

"ಇರ್ಲಿ ಮೇಡಂ, ಒಂದ್ಸಲ ನೋಡ್ಬಿಡಿ. ನಾನು ನೆಮ್ಮದಿಯಾಗಿ ಹೋಗ್ತೀನಿ" ಎಂದರು. ಈಗಲೂ ದಿನಾ ತೋರಿಸಿಯೇ ಹೋಗುತ್ತಾರೆ.