ಸಾಲ ತುಂಬಿದ ವರ್ಷ

ಅಪ್ಪ ಗೌಂಡಿ. ಪವಾಯಿ ಕಡೆ ಏಳುತ್ತಿದ್ದ ಬಿಲ್ಡಿಂಗುಗಳಿಗೆ ಗೋಡೆ ಕಟ್ಟಿ, ಸಂಜೆ ಲೋಕಲ್ ಹಿಡಿದು ದಾದರಿನ ನಮ್ಮ ಚಾಳಿಗೆ ಬರುತ್ತಿದ್ದ. ವರ್ಷಕ್ಕೊಮ್ಮೆ ಮಾತ್ರ, ಮಳೆಗಾಲಕ್ಕೆ ಮುಂಚೆ, ಯಾರು ಏನೆಂದರೂ ಕೆಲಸ ಬಿಟ್ಟು ಊರಿಗೆ ಹೋಗಿಯೇ ತೀರುತ್ತಿದ್ದ. ಮಾಳಿಗೆಗೆ, ಅಂದರೆ ಮನೆಯ ಮಣ್ಣಿನ ಚಾವಣಿಗೆ, ಹೊಸ ಸವಳು ಮಣ್ಣು ಹಾಕಿ ತುಳಿಯದಿದ್ದರೆ ನಮ್ಮ ಕಡೆಯ ಮನೆ ಮಳೆ ತಡೆಯುವುದಿಲ್ಲ. ಅಲ್ಲಿ ಚಿಕ್ಕಪ್ಪನ ಸಂಸಾರವಿತ್ತು, ನಿಜ. ಆದರೆ ಮಾಳಿಗೆಯ ಕೆಲಸದಲ್ಲಿ ಬೇರೆಯವರ ಕೈ ಅಪ್ಪನಿಗೆ ಸರಿಬರುತ್ತಿರಲಿಲ್ಲ.

ನಮ್ಮೂರು ಮುಳುಗಡೆಯ ಪಟ್ಟಿಗೆ ಸೇರಿ ವರ್ಷಗಳಾಗಿದ್ದವು. ಹೊಳೆಗೆ ಆಣೆಕಟ್ಟು ಏಳುತ್ತಿತ್ತು. ಏಳುತ್ತಿತ್ತು ಎನ್ನುವುದೇ ದೊಡ್ಡ ಮಾತು. ಸರ್ಕಾರದ ಬಳಿ ರೊಕ್ಕ ಇದ್ದಾಗ ಒಂದಿಷ್ಟು ಕಲ್ಲು ಏರುತ್ತಿದ್ದವು, ಇಲ್ಲದಾಗ ಅದರ ಮೇಲೆ ಕಾಗೆ ಕೂರುತ್ತಿದ್ದವು.

ಅಣ್ಣ ಫೋರ್ಟಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತ. ರಾಜ್ಯ ಸರ್ಕಾರಗಳು ಇಂಥ ಬ್ಯಾಂಕುಗಳಿಂದಲೇ ವರ್ಷವರ್ಷವೂ ಸಾಲ ಎತ್ತುತ್ತಿದ್ದವು. ಒಂದು ಸಂಜೆ ಊಟಕ್ಕೆ ಕೂತವನು ಬೀಗುತ್ತ ಹೇಳಿದ, “ಅಪ್ಪಾ, ನಮ್ಮ ಸರ್ಕಾರದ ಸಾಲ ಪೂರಾ ತುಂಬೇತಿ.”

ಕೇಳಿದಷ್ಟೂ ಹಣ ಸಿಕ್ಕಿತು ಎಂದು ಅದರ ಅರ್ಥ, ಆಫೀಸಿನ ಭಾಷೆ. ಊರಲ್ಲಿ ಸಾಲ ತುಂಬುವುದೆಂದರೆ ತೀರಿಸುವುದು. ಆಣೆಕಟ್ಟಿಗೆಂದು ಎತ್ತಿದ ಸಾಲವೇ ತೀರಿದೆ ಎಂದಮೇಲೆ ಆಣೆಕಟ್ಟು ಮುಗಿದ ಹಾಗೆಯೇ, ಈ ಮಳೆಗಾಲಕ್ಕೆ ಊರು ಮುಳುಗುತ್ತದೆ ಎಂದುಕೊಂಡ ಅಪ್ಪ. ಊರಿಗೆ ಹೊರಟವರೊಬ್ಬರ ಕೈಯಲ್ಲಿ ಚಿಕ್ಕಪ್ಪನಿಗೆ ಹೇಳಿ ಕಳಿಸಿದ, “ಈ ಸಲ ನಾ ಬರೂದಿಲ್ಲ. ನೀನೂ ಮಣ್ಣ ಹಾಕಬ್ಯಾಡ. ಮುಳಗೂ ಮನಿಗೆ ಯಾಕ ಮೈ ಮುರಕೋಬೇಕು?”

ಆಣೆಕಟ್ಟಿನ ನೀರು ಬರಲಿಲ್ಲ, ಮಳೆ ಬಂತು. ಬಿರುಕು ಬಿಟ್ಟಿದ್ದ ಮಾಳಿಗೆ ನೀರು ಕುಡಿದು ಕುಡಿದು ಒಂದು ಮಧ್ಯಾಹ್ನ ಕುಸಿಯಿತು. ಎಲ್ಲರೂ ಹೊಲದಲ್ಲಿದ್ದರು, ದೇವರು ದೊಡ್ಡವನು. ಚಿಕ್ಕಪ್ಪ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಅತ್ತೆಮನೆ ಸೇರಿದ.

“ಸಾಲ ತುಂಬೇತಿ ಅಂದಿದ್ದೆಲ್ಲೊ!” ಎಂದು ಅಪ್ಪ ಅಣ್ಣನ ಮೇಲೆ ಹರಿಹಾಯ್ದ.

“ರೊಕ್ಕ ಬಂದಿದ್ದು ಖರೆ ಅಪ್ಪಾ. ಆದರ ಎಲ್ಲಾ ಒಂದ ಹಗೇವಿಗೆ ಬೀಳತೈತಿ. ಪಗಾರ, ರಸ್ತಾ, ಬರಗಾಲದ ಕೆಲಸ, ಎಲ್ಲಾದಕ್ಕೂ ಅದರಾಗಿಂದನ ತಗೀತಾರ. ಉಳದ್ರ ಡ್ಯಾಮಿಗೆ.”

ಹಗೇವು ಎಂದರೆ ನಮ್ಮ ಕಡೆ ಜೋಳ ತುಂಬಿಡುವ ನೆಲದ ಗುಂಡಿ. ಅಪ್ಪನಿಗೆ ತಕ್ಷಣ ತಿಳಿಯಿತು. ತಿಳಿದು ಏನು ಬಂತು? ಮುಳುಗಿಸುವುದಾದರೆ ಮುಳುಗಿಸಬೇಕು, ಬಿಡುವುದಾದರೆ ಬಿಡಬೇಕು. ಹೀಗೆ ಜನರನ್ನು ಕಾಯಿಸಿ ಕೊಲ್ಲುವವರನ್ನು ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಮರುಬೇಸಿಗೆ ಬಾಂದ್ರಾದಲ್ಲಿ ನಮ್ಮ ಕಡೆಯವರ ಮದುವೆ. ಪಂಕ್ತಿಯಲ್ಲಿ ಪಕ್ಕದಲ್ಲಿದ್ದ ಹಿರಿಯರು ಅಪ್ಪನನ್ನು ಕೇಳಿದರು, “ಊರಾಗ ಮನಿ ಐತೇನ್ರಿ?”

“ಇತ್ರಿ. ಡ್ಯಾಮಿನ್ಯಾಗ ಮುಳಗಿ ಹೋತು.”

ಅವರು ಲೊಚಗುಟ್ಟಿದರು. ಆ ಹೊತ್ತಿಗೆ ಹೊಳೆಯಲ್ಲಿ ಮೊಣಕಾಲುದ್ದ ನೀರೂ ಇರಲಿಲ್ಲ. ಗೌಂಡಿಯ ಮನೆ ಮಳೆಗೆ ಬಿತ್ತು ಎನ್ನಲು ಅಪ್ಪನಿಗೆ ಬಾಯಿ ಬರಲಿಲ್ಲ.