ರಿಟ್ರೆಂಚ್‌ಮೆಂಟ್ ಅಂದರೆ ರೆಸ್ಟ್ ಎಂದುಬಿಟ್ಟೆ

ಸಂಜೆಯ ಫ್ಯಾಕ್ಟರಿ ಸೈರನ್ ಕೂಗಿ ಕಾಲು ಗಂಟೆಯಾಗಿರಬಹುದು, ಪಕ್ಕದ ಮನೆಯ ನಂಜಪ್ಪ ಕಾಗದ ಹಿಡಿದು ಗೇಟಿಗೆ ಬಂದರು. ಎಂಬತ್ತರ ದಶಕದ ರಾಜಾಜಿನಗರ. ಕಾನ್ವೆಂಟಿನಲ್ಲಿ ಓದಿದವಳೆಂದು ಬೀದಿಯ ಇಂಗ್ಲಿಷ್ ಕಾಗದಗಳನ್ನೆಲ್ಲ ನಾನೇ ಓದಿ ಹೇಳುತ್ತಿದ್ದೆ.

"ರಿಟ್ರೆಂಚ್‌ಮೆಂಟ್ ಲೆಟರ್ರಂತೆ ಮೇಡಂ. ಪ್ರಮೋಷನ್ನಾ?" ಎಂದು ನಕ್ಕರು.

ಆಳು ಕಡಿಮೆ ಮಾಡುತ್ತಿದ್ದಾರೆ, ನಿಮ್ಮ ಕೆಲಸ ಹೋಯಿತು ಎನ್ನುವ ಕರೇಜ್ ನನಗೆ ಸಾಲಲಿಲ್ಲ. "ನಾಲ್ಕು ದಿನ ರೆಸ್ಟ್ ತಗೊಳ್ಳಿ ಅಂತ ಬರ್ದಿದಾರೆ" ಎಂದುಬಿಟ್ಟೆ.

ಐದನೆಯ ದಿನ ಇಸ್ತ್ರಿ ಮಾಡಿದ ಖಾಕಿ ತೊಟ್ಟು ಹೊರಟವರು, ಅರ್ಧ ಗಂಟೆಯಲ್ಲೇ ಮುಚ್ಚಳ ತೆರೆಯದ ಟಿಫನ್ ಕ್ಯಾರಿಯರ್ ಹಿಡಿದು ಹಿಂದಿರುಗಿದರು. ನನ್ನ ಮುಖ ನೋಡಲಿಲ್ಲ.

ಆಮೇಲೆ ನಮ್ಮ ಗೇಟಿಗೆ ಕಾಗದಗಳು ಬರುವುದೂ ನಿಂತಿತು. ನಂಜಪ್ಪನವರನ್ನು ಕೊನೆಯ ಸಲ ಕಂಡಾಗ, ಅವರು ಇನ್ನೊಂದು ಇಂಗ್ಲಿಷ್ ಕಾಗದ ಹಿಡಿದು, ನನ್ನನ್ನು ದಾಟಿಕೊಂಡು, ಮುಂದಿನ ಬೀದಿಯ ಮೇಷ್ಟ್ರ ಮನೆಗೆ ಹೋಗುತ್ತಿದ್ದರು.